ಮೂಳೆಗೊಂದು ಚಪ್ಪರ

ನಮ್ಮೂರು ಕ್ಯಾತ್ಸಂದ್ರ ಎಂದರೆ ಕೇಳಿದವರಿಗೆ ಮೊದಲು ನೆನಪಾಗುವುದು ತಟ್ಟೆ ಇಡ್ಲಿ, ಆಮೇಲೆ ಸಿದ್ಧಗಂಗೆಯ ಬೆಟ್ಟ. ‘ಪುಣ್ಯಕ್ಕೆ ಮಠ, ಹೊಟ್ಟೆಗೆ ಇಡ್ಲಿ, ಇನ್ನೇನು ಬೇಕು ಮನುಷ್ಯನಿಗೆ?’ ಎಂದು ನಮ್ಮ ತಂದೆ ತಮಾಷೆ ಮಾಡುತ್ತಿದ್ದರು. ನಾನೀಗ ಬರೆಯಹೊರಟಿರುವುದು ಇವೆರಡರ ವಿಷಯವಲ್ಲ, ಮೂಳೆಯ ವಿಷಯ. ಆದರೆ ನಮ್ಮೂರವಳು ಬರೆಯುವಾಗ ಇಡ್ಲಿ ಮಧ್ಯೆ ಬಾರದೆ ಇರುವುದಿಲ್ಲ. ಓದುಗರು ಅದನ್ನು ಸಹಿಸಿಕೊಳ್ಳಬೇಕು.

1973ರ ಶಿವರಾತ್ರಿ. ಸಿದ್ಧಗಂಗೆಯ ಜಾತ್ರೆಗೆಂದು ಮನೆ ತುಂಬ ನೆಂಟರು ಬಂದಿದ್ದರು. ನೆಂಟರೆಂದರೆ ಗೊತ್ತಲ್ಲ, ಅವರ ಸ್ನಾನಕ್ಕೆ, ಅಡಿಗೆಗೆ, ಕೈಕಾಲು ತೊಳೆಯುವುದಕ್ಕೆ ಎಲ್ಲಕ್ಕೂ ನೀರು ಬೇಕು, ಆ ನೀರನ್ನು ತರುವವಳು ಮನೆಯ ಹೆಂಗಸು. ಅಮ್ಮ ಬೆಳಗಿನಿಂದ ಹಿತ್ತಲ ಬಾವಿಯಲ್ಲಿ ನೀರು ಸೇದುತ್ತಲೇ ಇದ್ದಳು. ಎಷ್ಟನೆಯ ಬಿಂದಿಗೆಯೋ, ಬಾವಿಕಟ್ಟೆಯ ಪಾಚಿಗಟ್ಟಿದ ಚಪ್ಪಡಿಯ ಮೇಲೆ ಜಾರಿ ಬಿದ್ದಳು. ತಾಮ್ರದ ಬಿಂದಿಗೆ ಉರುಳಿದ ಸದ್ದಿಗೆ ನಾವೆಲ್ಲ ಓಡಿದೆವು. ಎಡಗಾಲು ಮೊಣಕಾಲಿನಿಂದ ಒಂದು ಗೇಣು ಕೆಳಗೆ ಸೊಟ್ಟಗಾಗಿತ್ತು. ಅಮ್ಮ ಹಲ್ಲು ಕಚ್ಚಿಕೊಂಡು ಆಡಿದ ಮೊದಲ ಮಾತು, ‘ಒಲೆ ಮೇಲೆ ಬೇಳೆ ಇಟ್ಟಿದ್ದೀನಿ, ಯಾರಾದ್ರೂ ನೋಡ್ರೇ’ ಎಂಬುದು. ಅಮ್ಮನಿಗಾಗ ಮೂವತ್ತೊಂದು ವರ್ಷ. ನನಗೆ ಹತ್ತು. ತಮ್ಮನಿಗೆ ಇನ್ನೂ ಒಂದು ತುಂಬಿರಲಿಲ್ಲ.

ಆಸ್ಪತ್ರೆಗೆ ಹೋಗಬೇಕೆಂದು ಆಗ ಯಾರಿಗೂ ಹೊಳೆಯಲಿಲ್ಲ. ಮೂಳೆ ಮುರಿದರೆ ಕಟ್ಟು ಕಟ್ಟುವವರ ಬಳಿಗೆ ಹೋಗುವುದು ನಮ್ಮ ಕಡೆಯ ವಾಡಿಕೆ. ಹತ್ತಿರದ ಹಳ್ಳಿಯಿಂದ ಒಬ್ಬ ಅಜ್ಜ ಬಂದ. ಕಾಲನ್ನು ಎಳೆದು, ಬೆರಳಲ್ಲಿ ತಡವಿ ನೋಡಿ ಮೂಳೆಯನ್ನು ಕೂರಿಸಿದ. ಉದ್ದಿನ ಹಿಟ್ಟನ್ನು ಕೋಳಿಮೊಟ್ಟೆಯ ಬಿಳಿಯಲ್ಲಿ ಕಲಸಿ ಬಳಿದು, ಬಟ್ಟೆ ಸುತ್ತಿ, ಬಿದಿರ ಸೀಳುಗಳನ್ನು ಸುತ್ತಲೂ ಜೋಡಿಸಿ ಬಿಗಿದ. ‘ನಲವತ್ತು ದಿನ ಕಾಲು ನೆಲಕ್ಕೆ ಊರಬ್ಯಾಡ ತಾಯಿ’ ಎಂದು ಹೇಳಿ, ಕೊಟ್ಟಷ್ಟು ತೆಗೆದುಕೊಂಡು ಹೋದ.

ಆ ಅಜ್ಜನನ್ನು ನಾನು ಹಗುರವಾಗಿ ಕಾಣುವುದಿಲ್ಲ. ಮುಂದೆ ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡುವ ಕೆಲಸಕ್ಕೆ ಸೇರಿದ ಮೇಲೆ, ಅವನ ಕೈಯಲ್ಲಿದ್ದ ವಿದ್ಯೆ ಎಷ್ಟು ಹಳೆಯದೆಂದು ನನಗೆ ತಿಳಿಯಿತು. ಮುರಿದ ಮೂಳೆಯ ಸುತ್ತ ಕಟ್ಟಲು ಯಾವ ಯಾವ ಮರದ ತೊಗಟೆ ಒಳ್ಳೆಯದೆಂದು ಸುಶ್ರುತ ಸಂಹಿತೆಯಲ್ಲಿ ಪಟ್ಟಿಯೇ ಇದೆ. ಹಿಪ್ಪೆ, ಅತ್ತಿ, ಅರಳಿ, ಮುತ್ತುಗ, ಮತ್ತಿ, ಬಿದಿರು, ಇವೆಲ್ಲ ಅದರಲ್ಲಿ ಬರುತ್ತವೆ. ಇವತ್ತಿಗೂ ನಮ್ಮ ಊರುಗಳ ಬೀದಿಗಳಲ್ಲಿ ‘ಪುತ್ತೂರು ಕಟ್ಟು’ ಎಂಬ ಬೋರ್ಡು ಕಾಣುತ್ತದೆ. ಬಹಳ ಜನ ಅದನ್ನು ದಕ್ಷಿಣ ಕನ್ನಡದ ಪುತ್ತೂರೆಂದು ತಿಳಿಯುತ್ತಾರೆ. ಅಲ್ಲ, ಅದು ಆಂಧ್ರದ ಚಿತ್ತೂರು ಸೀಮೆಯ ಪುತ್ತೂರು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಿಂದ ಅಲ್ಲಿನ ಒಂದು ಮನೆತನ ಈ ಕಟ್ಟಿನಿಂದ ಹೆಸರಾಯಿತು. ಆಸ್ಪತ್ರೆಗಳ ಪ್ಲಾಸ್ಟರೂ ತತ್ತ್ವದಲ್ಲಿ ಇದೇ. ಡಚ್ ಸೈನ್ಯದ ವೈದ್ಯ ಮ್ಯಾಥೈಸನ್ 1851ರ ಸುಮಾರಿಗೆ ಬಟ್ಟೆಪಟ್ಟಿಗೆ ಪ್ಲಾಸ್ಟರ್ ಪುಡಿ ಸವರಿ, ನೀರಲ್ಲಿ ನೆನೆಸಿ ಸುತ್ತುವ ಉಪಾಯ ಕಂಡುಕೊಂಡ. ಬಿದಿರಾಗಲಿ ಪ್ಲಾಸ್ಟರಾಗಲಿ ಮೂಳೆಯನ್ನು ಕೂಡಿಸುವುದಿಲ್ಲ. ಅಲುಗದಂತೆ ಹಿಡಿದುಕೊಳ್ಳುತ್ತವೆ, ಅಷ್ಟೆ. ಕೂಡಿಕೊಳ್ಳುವ ಕೆಲಸ ಮೂಳೆಯದೇ.

ಅಮ್ಮನ ಮೂಳೆ ಮಾತ್ರ ಕೂಡಿಕೊಳ್ಳಲಿಲ್ಲ. ನಲವತ್ತು ದಿನ ಹೋಗಿ ಎಂಬತ್ತಾಯಿತು, ಯುಗಾದಿ ಕಳೆದು ಮುಂಗಾರು ಬಂತು. ಕಟ್ಟು ಬಿಚ್ಚಿ ಕಾಲೂರಿದರೆ, ಮುರಿದ ಜಾಗದಲ್ಲಿ ಕಾಲು ಇನ್ನೊಂದು ಕೀಲಿದ್ದ ಹಾಗೆ ಬಾಗುತ್ತಿತ್ತು. ಅಜ್ಜನ ಕೈಗುಣ ಕೆಟ್ಟಿತೆಂದು ಮನೆಯವರು ಅಂದರು. ಮೊಣಕಾಲಿನ ಕೆಳಗಿನ ಆ ದಪ್ಪ ಮೂಳೆಯ ಮುಂಭಾಗಕ್ಕೆ ಮಾಂಸದ ಹೊದಿಕೆಯೇ ಇಲ್ಲ, ಕೆಳಕ್ಕೆ ಹೋದಷ್ಟೂ ರಕ್ತದ ಪೂರೈಕೆ ಕಡಿಮೆ, ಅದಕ್ಕೇ ಅಲ್ಲಿ ಮುರಿದರೆ ಒಮ್ಮೊಮ್ಮೆ ಕೂಡುವುದೇ ಇಲ್ಲ ಎಂಬುದನ್ನು ನಾನು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಅಷ್ಟರಲ್ಲಿ ಆ ಅಜ್ಜ ತೀರಿಕೊಂಡಿದ್ದ.

ಕೊನೆಗೆ ಅಮ್ಮನನ್ನು ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಗೆ ಸೇರಿಸಿದರು. ಡಾಕ್ಟರು ಕಾಲನ್ನು ತೆರೆದು, ಮುರಿದ ತುದಿಗಳನ್ನು ಕೆರೆದು ಹಸಿಮಾಡಿ, ನಡುವೆ ಹೊಸ ಮೂಳೆಯ ಚೂರುಗಳನ್ನು ತುಂಬಿದರು. ಆ ಚೂರುಗಳು ಬಂದದ್ದು ಅಮ್ಮನ ಎಡ ಸೊಂಟದ ಮೂಳೆಯ ಅಂಚಿನಿಂದ. ಅದು ಒಳ್ಳೆಯ ಚಿಕಿತ್ಸೆಯೇ ಎಂದು ಮೊದಲೇ ಹೇಳಿಬಿಡುತ್ತೇನೆ. ಆರು ತಿಂಗಳಲ್ಲಿ ಕಾಲು ಗಟ್ಟಿಯಾಯಿತು. ಅಮ್ಮ ನಡೆದಳು. ಸಿದ್ಧಗಂಗೆಯ ಬೆಟ್ಟವನ್ನೂ ಹತ್ತಿದಳು.

ಆದರೆ ಸೊಂಟದ ನೋವು ಹೋಗಲಿಲ್ಲ. ಯಾರಾದರೂ ಕೇಳಿದರೆ ಅಮ್ಮ ನಗುತ್ತಿದ್ದಳು. ‘ಒಂದು ಗೋಡೆ ಬಿದ್ದದೆ ಅಂತ ಇನ್ನೊಂದು ಗೋಡೆ ಇಟ್ಟಿಗೆ ಕಿತ್ತಂಗಾಯ್ತು ಕಣೆ’ ಎನ್ನುತ್ತಿದ್ದಳು. ನಾವೂ ನಗುತ್ತಿದ್ದೆವು.

ಸೊಂಟದ ಆ ಅಂಚು ಯಾವ ಜಾಗವೆಂದು ಹೆಂಗಸರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬಿಂದಿಗೆ ಕೂರುವುದು ಅಲ್ಲಿ, ಮಗು ಕೂರುವುದೂ ಅಲ್ಲೇ. ಬಲಗೈ ಕೆಲಸಕ್ಕೆ ಬೇಕಾದ್ದರಿಂದ ನಮ್ಮಲ್ಲಿ ಬಹಳ ಜನ ಎತ್ತಿಕೊಳ್ಳುವುದು ಎಡಗಡೆಗೆ. ಮೂಳೆ ತೆಗೆಯುವ ಮುಂಚೆ ‘ಮಗುವನ್ನು ಯಾವ ಕಡೆ ಎತ್ತಿಕೊಳ್ಳುತ್ತೀಯಮ್ಮಾ?’ ಎಂದು ಅಮ್ಮನನ್ನು ಯಾರೂ ಕೇಳಲಿಲ್ಲ. ಮುರಿದದ್ದು ಎಡಗಾಲಾದ್ದರಿಂದ, ಬಲಗಡೆಯಾದರೂ ಚೆನ್ನಾಗಿರಲಿ ಎಂದು ಎಡಗಡೆಯಿಂದಲೇ ತೆಗೆದಿರಬೇಕು. ಅದು ಸರಿಯಾದ ಲೆಕ್ಕವೇ. ಆದರೆ ಆ ಲೆಕ್ಕದಲ್ಲಿ ನನ್ನ ತಮ್ಮ ಸೇರಿರಲಿಲ್ಲ.

ಆಸ್ಪತ್ರೆಯಿಂದ ಬಂದ ಮೇಲೆ ಅಮ್ಮ ಅವನನ್ನು ಮತ್ತೆ ಸೊಂಟಕ್ಕೆ ಎತ್ತಿಕೊಳ್ಳಲೇ ಇಲ್ಲ. ಅವನು ಕೈಚಾಚಿ ಅಳುತ್ತಿದ್ದರೆ ಕುಳಿತು ತೊಡೆಯ ಮೇಲೆ ಹಾಕಿಕೊಳ್ಳುತ್ತಿದ್ದಳು, ಇಲ್ಲವೆ ‘ಹೋಗು, ಅಕ್ಕನ ಹತ್ರ ಹೋಗು’ ಎನ್ನುತ್ತಿದ್ದಳು. ಹತ್ತು ವರ್ಷದ ನಾನು ಅವನನ್ನು ಹೊತ್ತುಕೊಂಡು ಊರೆಲ್ಲ ತಿರುಗಿದೆ. ಅವನು ದೊಡ್ಡವನಾದ ಮೇಲೆ, ‘ಅಮ್ಮಂಗೆ ನನ್ನ ಕಂಡ್ರೆ ಅಷ್ಟಕ್ಕಷ್ಟೆ, ನನ್ನ ಎತ್ತಿ ಆಡಿಸಿದೋಳು ಅಕ್ಕ’ ಎಂದು ಎಲ್ಲರ ಮುಂದೆ ತಮಾಷೆಯಾಗಿ ಹೇಳುತ್ತಿದ್ದ. ತಮಾಷೆಯೊಳಗೆ ಒಂದು ಮುಳ್ಳು ಇತ್ತು. ಅಮ್ಮ ಉತ್ತರ ಕೊಡುತ್ತಿರಲಿಲ್ಲ. ನಾನೂ ಕೊಡಲಿಲ್ಲ. ಕಾಲಿನ ಆಪರೇಷನ್ನು ಎಲ್ಲರಿಗೂ ಗೊತ್ತಿತ್ತು. ಸೊಂಟದ ವಿಷಯ ಯಾರ ಬಾಯಲ್ಲೂ ಬರುತ್ತಿರಲಿಲ್ಲ, ಅಷ್ಟೆ.

1999ರಲ್ಲಿ ಇನ್ನೊಂದು ಸಣ್ಣ ಸಂಗತಿ ನಡೆಯಿತು. ಹಿತ್ತಲ ಚಪ್ಪರದವರೆಗೆ ಪ್ರತಿ ವರ್ಷ ಕೋಲು ನೆಡುವ ಕಷ್ಟ ಅಮ್ಮನಿಗೆ ಬೇಡವೆಂದು ತಮ್ಮ ಪಿ.ವಿ.ಸಿ. ಪೈಪುಗಳ ಚಪ್ಪರ ಹಾಕಿಸಿದ. ಬೆಳ್ಳಗೆ, ನುಣ್ಣಗೆ, ನೋಡಲು ಬಹಳ ಚೆಂದ. ಗೆದ್ದಲಿನ ಭಯವಿಲ್ಲ, ಕೊಳೆಯುವ ಭಯವಿಲ್ಲ. ಆದರೆ ಅವರೆ ಬಳ್ಳಿ ಹತ್ತಲೇ ಇಲ್ಲ. ಒಂದು ಸುತ್ತು ಸುತ್ತುವುದು, ಸರ್ರನೆ ಜಾರಿ ಬುಡಕ್ಕೆ ಬೀಳುವುದು. ‘ಗೊಬ್ಬರ ಸಾಲದು’ ಎಂದ ತಮ್ಮ. ಅಮ್ಮ ಮಾತಾಡದೆ ಒಂದು ಹಳೆಯ ತೆಂಗಿನ ನಾರಿನ ಹಗ್ಗ ತಂದು ಪ್ರತಿ ಪೈಪಿಗೂ ಕೆಳಗಿನಿಂದ ಮೇಲಿನವರೆಗೆ ಸುತ್ತಿದಳು. ಹದಿನೈದು ದಿನದಲ್ಲಿ ಬಳ್ಳಿ ತುದಿ ಮುಟ್ಟಿತು. ‘ಹಿಡ್ಕೊಳ್ಳೋಕೆ ಏನಾದ್ರೂ ಬೇಡವೇನಪ್ಪ ಅದಕ್ಕೆ?’ ಎಂದಳು. ಅಮ್ಮ 2012ರಲ್ಲಿ ತೀರಿಕೊಂಡಳು. ಚಪ್ಪರ ಈಗಲೂ ಇದೆ.

ಈ ಎರಡು ನೆನಪುಗಳಿಗೂ, ಅಂದರೆ ಸೊಂಟದ ಮೂಳೆಗೂ ಅವರೆ ಚಪ್ಪರಕ್ಕೂ, ಸಂಬಂಧವಿದೆಯೆಂದು ನನಗೆ ಎಂದೂ ಅನ್ನಿಸಿರಲಿಲ್ಲ. ಅದನ್ನು ಕೂಡಿಸಿದವಳು ತಮ್ಮನ ಮಗಳು. ಅವಳು ಬೆಂಗಳೂರಿನ ಒಂದು ಕಾಲೇಜಿನಲ್ಲಿ ದೇಹದೊಳಗೆ ಇಡಬಹುದಾದ ವಸ್ತುಗಳ ಬಗ್ಗೆ ಎಂ.ಟೆಕ್. ಓದುತ್ತಾಳೆ. ಹೋದ ದಸರಾ ರಜದಲ್ಲಿ ಬಂದಾಗ ಪರ್ಸಿನಿಂದ ಒಂದು ಪುಟ್ಟ ಡಬ್ಬಿ ತೆಗೆದು, ‘ಅತ್ತೆ, ಇದೇನು ಹೇಳಿ ನೋಡೋಣ’ ಎಂದಳು. ಒಳಗೆ ಬೆರಳುಗುರಿನಷ್ಟು ದೊಡ್ಡ ಎರಡು ಬಿಳಿ ಬಿಲ್ಲೆಗಳು. ಕಣ್ಣಿಗೆ ಹಿಡಿದು ನೋಡಿದರೆ ಒತ್ತುಶ್ಯಾವಿಗೆಯನ್ನು ಅಡ್ಡಡ್ಡ ಉದ್ದುದ್ದ ಪದರವಾಗಿ ಹಾಸಿದ ಹಾಗೆ ಜಾಲರಿ.

‘ಇದು ಸ್ಕ್ಯಾಫೋಲ್ಡು. ಮೂಳೆ ಇಲ್ಲದ ಕಡೆ ಇದನ್ನ ಇಟ್ಟರೆ ಇದರ ಮೇಲೆ ಮೂಳೆ ಬೆಳೀಬೇಕು, ಆಮೇಲೆ ಇದು ಕರಗಿ ಹೋಗ್ಬೇಕು. ಅದು ನಮ್ಮ ಆಸೆ.’

‘ಗಾರೆಯವರು ಕಟ್ತಾರಲ್ಲ, ಸಾರುವೆ, ಹಾಗೆ?’ ಎಂದೆ.

‘ಹಾಗೇ’ ಎಂದವಳು ಒಂದು ಲೋಟ ನೀರು ತಂದು ಬೆರಳಿನಿಂದ ಎರಡು ಬಿಲ್ಲೆಗಳ ಮೇಲೂ ಒಂದೊಂದು ಹನಿ ಬಿಟ್ಟಳು. ಒಂದರ ಮೇಲೆ ಹನಿ ಕೆಸುವಿನೆಲೆಯ ಮೇಲಿದ್ದ ಹಾಗೆ ಗುಂಡಗೆ ನಿಂತಿತು. ಇನ್ನೊಂದರ ಮೇಲೆ ಹರಡಿ ಒಳಗಿಳಿಯಿತು. ‘ಎರಡೂ ಒಂದೇ ಪ್ಲಾಸ್ಟಿಕ್, ಅತ್ತೆ. ಎರಡನೇದಕ್ಕೆ ಮೇಲ್ಮೈ ಮಾತ್ರ ಬದಲಾಯಿಸಿದ್ದೀವಿ. ಮೊದಲನೇದರ ಮೇಲೆ ಜೀವಕೋಶ ಸರಿಯಾಗಿ ಕೂರಲ್ಲ.’

ನಾನು ಎದ್ದು ಅವಳನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಹಗ್ಗ ಸುತ್ತಿದ ಪೈಪು ತೋರಿಸಿದೆ. ಅವಳ ಅಜ್ಜಿಯ ಸೊಂಟದ ಕಥೆಯನ್ನು ಅಲ್ಲಿಯೇ, ಚಪ್ಪರದ ಕೆಳಗೆ ನಿಂತು ಹೇಳಿದೆ. ಆ ದಿನದಿಂದ ನಾನು ಈ ವಿಷಯದ ಬೆನ್ನು ಹತ್ತಿದೆ. ಅವಳು ತಂದುಕೊಟ್ಟದ್ದನ್ನು ಓದಿದೆ, ತಿಳಿಯದ್ದನ್ನು ಫೋನಿನಲ್ಲಿ ಕೇಳಿದೆ. ಚರಿತ್ರೆಯ ಟೀಚರಿಗೆ ಯಾವುದನ್ನು ಕೊಟ್ಟರೂ ಅದರ ಚರಿತ್ರೆಯೇ ಬೇಕು.

ಇರುವ ಮೂಳೆಯಿಂದ ಕಿತ್ತು ಇಲ್ಲದ ಕಡೆಗೆ ಇಡುವುದು ಹತ್ತೊಂಬತ್ತನೆಯ ಶತಮಾನದಲ್ಲಿ ಹುಟ್ಟಿದ ಉಪಾಯ. ಸ್ಕಾಟ್‌ಲೆಂಡಿನ ಗ್ಲಾಸ್ಗೋದಲ್ಲಿ ವಿಲಿಯಂ ಮೆಕ್ಯೂವನ್ ಎಂಬ ಶಸ್ತ್ರವೈದ್ಯನ ಬಳಿಗೆ ಒಬ್ಬ ಪುಟ್ಟ ಹುಡುಗ ಬಂದ. ಕೀವುಗಟ್ಟಿ ತೋಳಿನ ಮೂಳೆಯ ಬಹುಭಾಗ ಹೋಗಿತ್ತು. ಆಗ ಗ್ಲಾಸ್ಗೋದ ಹೊಗೆ ತುಂಬಿದ ಗಲ್ಲಿಗಳಲ್ಲಿ, ಬಿಸಿಲು ಕಾಣದೆ ಕಾಲು ಬಿಲ್ಲಿನಂತೆ ಬಾಗಿದ ಮಕ್ಕಳು ಬೇಕಾದಷ್ಟಿದ್ದರು. ಆ ಕಾಲುಗಳನ್ನು ನೆಟ್ಟಗೆ ಮಾಡಲು ಮೆಕ್ಯೂವನ್ ಮೂಳೆಯ ತುಣುಕುಗಳನ್ನು ಕತ್ತರಿಸಿ ತೆಗೆಯುತ್ತಿದ್ದ. ಬಿಸಾಡಬೇಕಾದ ಆ ತುಣುಕುಗಳನ್ನು 1879-80ರಲ್ಲಿ ಈ ಹುಡುಗನ ತೋಳಿನಲ್ಲಿಟ್ಟ. ತೋಳು ಬೆಳೆಯಿತು, ಹುಡುಗ ದೊಡ್ಡವನಾಗಿ ದುಡಿದು ತಿಂದ. ಮುಂದೆ ವೈದ್ಯರು ಪರರ ಮೂಳೆಗಿಂತ ಅವರವರ ಮೂಳೆಯೇ ಮೇಲೆಂದು ಕಂಡುಕೊಂಡರು. ಸೊಂಟದ ಅಂಚು ಅದರ ಉಗ್ರಾಣವಾಯಿತು. ಸ್ವಂತ ಮೂಳೆಯಲ್ಲಿ ಬೇಕಾದ ಮೂರೂ ಇವೆ. ಚಪ್ಪರವೂ ಇದೆ, ಬೀಜವೂ ಇದೆ, ಗೊಬ್ಬರವೂ ಇದೆ. ಚಪ್ಪರವೆಂದರೆ ಮೂಳೆಯ ಜಾಲರಿ, ಬೀಜವೆಂದರೆ ಜೀವಕೋಶ, ಗೊಬ್ಬರವೆಂದರೆ ‘ಬೆಳೆ’ ಎಂದು ಹೇಳುವ ರಾಸಾಯನಿಕಗಳು. ಅದಕ್ಕೇ ಇಂದಿಗೂ ವೈದ್ಯರು ಅದನ್ನೇ ಉತ್ತಮವೆನ್ನುತ್ತಾರೆ. ಆದರೆ ತೆಗೆದ ಜಾಗದ ನೋವು ಕೆಲವರಲ್ಲಿ ವರ್ಷಗಟ್ಟಲೆ ಉಳಿಯುತ್ತದೆಂದು ಅವರೇ ಬರೆದಿದ್ದಾರೆ. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಮ್ಮನ ನೋವಿಗೆ ಒಂದು ಹೆಸರಿತ್ತು, ಪುಸ್ತಕದಲ್ಲಿ ಒಂದು ಪುಟವಿತ್ತು. ಮನೆಯಲ್ಲಿ ಮಾತ್ರ ಒಂದು ಮಾತಿರಲಿಲ್ಲ.

ಕೀಳದೆ ತುಂಬುವುದು ಹೇಗೆ ಎಂಬ ಹುಡುಕಾಟ ಮುಂದಿನದು. 1965ರಲ್ಲಿ ಅಮೆರಿಕದ ಮಾರ್ಷಲ್ ಯೂರಿಸ್ಟ್ ಎಂಬ ವೈದ್ಯ ಮೂಳೆಯಲ್ಲಿನ ಸುಣ್ಣದ ಅಂಶವನ್ನೆಲ್ಲ ಆಮ್ಲದಲ್ಲಿ ಕರಗಿಸಿ, ಉಳಿದ ಮೆತ್ತನೆಯ ಭಾಗವನ್ನು ಪ್ರಾಣಿಗಳ ಮಾಂಸಖಂಡದಲ್ಲಿಟ್ಟು ನೋಡಿದ. ಮೂಳೆಯೇ ಇರಬಾರದ ಜಾಗದಲ್ಲಿ ಹೊಸ ಮೂಳೆ ಹುಟ್ಟಿತು. ಬೆಳೆಯೆಂದು ಕರೆಯುವ ಪ್ರೋಟೀನು ಮೂಳೆಯೊಳಗೇ ಇದೆ ಎಂದಾಯಿತು. ಅದೇ ಕಾಲದಲ್ಲಿ, 1967ರಲ್ಲಿ, ಲ್ಯಾರಿ ಹೆಂಚ್ ಎಂಬ ಗಾಜಿನ ವಿಜ್ಞಾನಿ ಬಸ್ಸಿನಲ್ಲಿ ಹೋಗುತ್ತಿದ್ದಾಗ ಪಕ್ಕದಲ್ಲಿ ಕುಳಿತ, ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನ್ಯಾಧಿಕಾರಿ, ದೇಹ ಒಪ್ಪಿಕೊಳ್ಳುವ ಒಂದು ವಸ್ತುವನ್ನು ನೀವು ಮಾಡಿಕೊಡಬಾರದೇ ಎಂದು ಕೇಳಿದನಂತೆ. ಅದರಿಂದ 1969ರಲ್ಲಿ ಹುಟ್ಟಿದ್ದು ಮೂಳೆಗೆ ಅಂಟಿಕೊಳ್ಳುವ ಗಾಜು. ಬಸ್ಸಿನಲ್ಲಿ ಪಕ್ಕದವರೊಡನೆ ಮಾತಾಡುವುದು ದಂಡವಲ್ಲ ಎನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು?

ಆದರೆ ಗಾಜು ಒಡೆಯುತ್ತದೆ. ಉಕ್ಕಿನ ಸರಳು ಒಡೆಯುವುದಿಲ್ಲ, ಆದರೆ ತಾನಾಗಿ ಹೋಗುವುದೂ ಇಲ್ಲ. ಕೆಲಸ ಮುಗಿದ ಮೇಲೆ ತಾನೇ ಕರಗುವ ವಸ್ತು ಬೇಕಾಗಿತ್ತು. ಇಲ್ಲಿ ನನಗೆ ಒಂದು ಪರಿಚಿತ ಹೆಸರು ಸಿಕ್ಕಿತು. 1966ರಲ್ಲಿ ಅಮೆರಿಕದ ಸೈನ್ಯದ ಪ್ರಯೋಗಾಲಯವೊಂದರಲ್ಲಿ ಆರ್. ಕೆ. ಕುಲಕರ್ಣಿ ಮತ್ತು ಸಂಗಡಿಗರು ಪಾಲಿಲ್ಯಾಕ್ಟಿಕ್ ಆಮ್ಲ ಎಂಬ ಪಾಲಿಮರನ್ನು ಪ್ರಾಣಿಗಳ ದೇಹದಲ್ಲಿಟ್ಟು, ಅದು ವಿಷವಲ್ಲ, ನಿಧಾನವಾಗಿ ಕರಗುತ್ತದೆ ಎಂದು ತೋರಿಸಿದರು. ಪಾಲಿಮರ್ ಎಂದರೆ ಸಣ್ಣ ಅಣುಗಳನ್ನು ಹೂವಿನ ಹಾಗೆ ಸಾಲಾಗಿ ಕಟ್ಟಿದ ಮಾಲೆ. ಈ ಮಾಲೆಯ ಹೂವು ಯಾವುದು ಗೊತ್ತೆ? ಲ್ಯಾಕ್ಟಿಕ್ ಆಮ್ಲ. ಮೊಸರಿನ ಹುಳಿ ಅದೇ. ರಾತ್ರಿ ರುಬ್ಬಿಟ್ಟ ಇಡ್ಲಿ ಹಿಟ್ಟು ಬೆಳಿಗ್ಗೆ ಹುಳಿ ಬಂದು ಉಬ್ಬಿರುತ್ತದಲ್ಲ, ಆ ಹುಳಿಯೂ ಅದೇ. ದೇಹದೊಳಗಿನ ನೀರು ನಿಧಾನವಾಗಿ ಮಾಲೆಯನ್ನು ಬಿಡಿಸುತ್ತದೆ, ಬಿಡಿಯಾದ ಹೂಗಳನ್ನು ದೇಹ ಅರಗಿಸಿಕೊಳ್ಳುತ್ತದೆ. ಇಡ್ಲಿ ಬರುತ್ತದೆಂದು ನಾನು ಮೊದಲೇ ಹೇಳಿದ್ದೆ.

ಇಡ್ಲಿಯ ಹೋಲಿಕೆ ಇಲ್ಲಿಗೇ ಮುಗಿಯುವುದಿಲ್ಲ. ಗಟ್ಟಿ ಪ್ಲಾಸ್ಟಿಕ್ ತುಂಡಿನೊಳಗೆ ಮೂಳೆ ಹೇಗೆ ನುಗ್ಗೀತು? ಅದು ತಟ್ಟೆ ಇಡ್ಲಿಯ ಹಾಗೆ ತೂತುತೂತಾಗಿರಬೇಕು. ಮೂಳೆ ಬೆಳೆಯಲು ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟಾದರೂ ದೊಡ್ಡ ರಂಧ್ರ ಬೇಕು, ಒಂದರಿಂದ ಒಂದಕ್ಕೆ ದಾರಿಯೂ ಇರಬೇಕು, ರಕ್ತನಾಳ ಒಳಗೆ ಬರಬೇಕಲ್ಲ. 1990ರ ದಶಕದ ಮೊದಲಲ್ಲಿ ಅಮೆರಿಕದ ಆಂಟೋನಿಯೋಸ್ ಮೈಕೋಸ್ ಮತ್ತಿತರರು ಇದಕ್ಕೆ ಮಾಡಿದ ಉಪಾಯ ಅಡಿಗೆಮನೆಯದು. ಕರಗಿಸಿದ ಪಾಲಿಮರಿಗೆ ಉಪ್ಪಿನ ಹರಳು ಬೆರೆಸಿ ಗಟ್ಟಿಯಾಗಲು ಬಿಟ್ಟು, ಆಮೇಲೆ ನೀರಿನಲ್ಲಿಟ್ಟರು. ಉಪ್ಪು ಕರಗಿ ಹೋಯಿತು, ಉಪ್ಪಿದ್ದ ಜಾಗ ತೂತಾಯಿತು. 1993ರಲ್ಲಿ ರಾಬರ್ಟ್ ಲ್ಯಾಂಗರ್ ಮತ್ತು ಜೋಸೆಫ್ ವೆಕಾಂಟಿ ಇಬ್ಬರೂ ಸೇರಿ, ಇಂಥ ಚಪ್ಪರದ ಮೇಲೆ ಜೀವಕೋಶ ಬೆಳೆಸಿ ದೇಹದ ಭಾಗಗಳನ್ನೇ ಕಟ್ಟಬಹುದೆಂದು ಬರೆದ ಲೇಖನ ಜಗತ್ತಿನ ಗಮನ ಸೆಳೆಯಿತು. ಈಗ ಉಪ್ಪಿನ ಬದಲು ಯಂತ್ರವಿದೆ. ಚಕ್ಕುಲಿ ಒರಳಿನಿಂದ ಹಿಟ್ಟು ಒತ್ತಿದ ಹಾಗೆ, ಕಂಪ್ಯೂಟರ್ ಹೇಳಿದ ದಾರಿಯಲ್ಲಿ ಕರಗಿದ ಎಳೆಯನ್ನು ಪದರ ಪದರವಾಗಿ ಬಿಡುತ್ತದೆ. ನಮ್ಮ ಹುಡುಗಿಯ ಬಿಲ್ಲೆ ಹಾಗೆ ಆದದ್ದು.

ಇಷ್ಟೆಲ್ಲ ಆದ ಮೇಲೂ ಬಳ್ಳಿ ಹತ್ತಲಿಲ್ಲ. ಪೈಪು ನುಣುಪಾಗಿತ್ತು. ಈ ಪಾಲಿಮರುಗಳಿಗೆ ನೀರೆಂದರೆ ಆಗದು, ಮೂಳೆಯ ಜೀವಕೋಶಕ್ಕೋ ನೀರಿಲ್ಲದೆ ಬದುಕಿಲ್ಲ. ಇನ್ನೊಂದು ಸೂಕ್ಷ್ಮವೂ ಇದೆ. ಜೀವಕೋಶ ನೇರವಾಗಿ ಪ್ಲಾಸ್ಟಿಕ್ಕನ್ನು ಮುಟ್ಟುವುದೇ ಇಲ್ಲ. ವಸ್ತುವನ್ನು ದೇಹದಲ್ಲಿಟ್ಟ ಕೂಡಲೇ ರಕ್ತದಲ್ಲಿನ ಪ್ರೋಟೀನುಗಳು ಬಂದು ಅದರ ಮೇಲೆ ತೆಳ್ಳನೆಯ ಹಾಸು ಹಾಸುತ್ತವೆ, ಜೀವಕೋಶ ಕೂರುವುದು ಆ ಹಾಸಿನ ಮೇಲೆ. ಹಾಸು ಸರಿಯಾಗಿ ಬಿದ್ದರೆ ಕೂರುತ್ತದೆ, ಇಲ್ಲದಿದ್ದರೆ ಇಲ್ಲ. 1984ರಲ್ಲಿ ಪಿಯರ್ಶ್‌ಬಾಕರ್ ಮತ್ತು ರುವೊಸ್ಲಾಟಿ ಎಂಬ ಇಬ್ಬರು, ಜೀವಕೋಶ ಆ ಪ್ರೋಟೀನಿನ ಯಾವ ಜಾಗವನ್ನು ಹಿಡಿಯುತ್ತದೆಂದು ಹುಡುಕಿ ತೆಗೆದರು. ಉದ್ದನೆಯ ಪ್ರೋಟೀನಿನಲ್ಲಿ ಬರೀ ಮೂರು ಅಮೈನೋ ಆಮ್ಲಗಳ ಒಂದು ತುಣುಕು ಅದು. ನೂರಾರು ಮೊಳ ಹಗ್ಗದಲ್ಲಿ ಹಿಡಿಯುವುದಕ್ಕೆಂದು ಇರುವ ಒಂದು ಗಂಟಿನ ಹಾಗೆ.

ಹಾಗಾಗಿ ಪ್ಲಾಸ್ಟಿಕ್ಕನ್ನು ಬದಲಾಯಿಸದೆ ಅದರ ಚರ್ಮವನ್ನು ಮಾತ್ರ ಬದಲಾಯಿಸುವ ವಿದ್ಯೆ ಬೆಳೆಯಿತು. ಕೆಲವರು ಕಾಸ್ಟಿಕ್ ಸೋಡಾದಲ್ಲಿ ಅದ್ದಿ ಒರಟು ಮಾಡುತ್ತಾರೆ. ಒರಳುಕಲ್ಲು ಸವೆದು ನುಣುಪಾದಾಗ ನಾವು ಉಳಿಯಿಂದ ಕುಟ್ಟಿಸುತ್ತಿದ್ದ ಹಾಗೆ. ಕೆಲವರು ಟ್ಯೂಬ್‌ಲೈಟಿನೊಳಗೆ ಬೆಳಗುವಂಥ ವಿದ್ಯುತ್ ತುಂಬಿದ ಅನಿಲಕ್ಕೆ ಒಡ್ಡಿ ಮೇಲ್ಮೈಗೆ ನೀರಿನ ಸ್ನೇಹ ಕಲಿಸುತ್ತಾರೆ. ಆ ಮೂರು ಆಮ್ಲಗಳ ಗಂಟನ್ನೇ ಅಂಟಿಸುವವರಿದ್ದಾರೆ. ಜಪಾನಿನ ಕೊಕುಬೋ ಎಂಬವರು ರಕ್ತದಲ್ಲಿರುವ ಲವಣಗಳನ್ನೇ ಹೋಲುವ ನೀರನ್ನು ಮಾಡಿ, ಅದರಲ್ಲಿ ನೆನೆಸಿಟ್ಟ ವಸ್ತುವಿನ ಮೇಲೆ ಮೂಳೆಯ ಖನಿಜದಂಥದೇ ಪದರ ಕಟ್ಟುವುದನ್ನು 1990ರಲ್ಲಿ ವಿವರಿಸಿದರು. ಬಿಸಿನೀರು ಕಾಯಿಸುವ ಹಂಡೆಯ ಒಳಗೆ ಬಿಳಿ ಗಸಿ ಕಟ್ಟುವುದನ್ನು ನೀವು ನೋಡಿಲ್ಲವೆ? ಅದನ್ನೇ ಇವರು ಬೇಕೆಂದು ಕಟ್ಟಿಸಿದರು. 2007ರಲ್ಲಿ ಅಮೆರಿಕದ ವಿಜ್ಞಾನಿಗಳು, ಅಲೆ ಎಷ್ಟು ಬಡಿದರೂ ಬಂಡೆ ಬಿಡದ ಕಡಲ ಚಿಪ್ಪಿನ ಅಂಟನ್ನು ನೋಡಿ, ಯಾವುದರ ಮೇಲಾದರೂ ಬಳಿಯಬಹುದಾದ ಒಂದು ಲೇಪವನ್ನು ಮಾಡಿದರು.

ಈ ಕೆಲಸ ನಮ್ಮ ಬಾಗಿಲಲ್ಲೇ ನಡೆಯುತ್ತಿದೆ ಎಂಬುದು ನನಗೆ ಹೆಮ್ಮೆ. ಮೈಸೂರು ಸಂಸ್ಥಾನ ಕೊಟ್ಟ ನೆಲದಲ್ಲಿ 1909ರಲ್ಲಿ ಸ್ಥಾಪನೆಯಾದ, ಬೆಂಗಳೂರಿಗರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆ ಕ್ಯಾತ್ಸಂದ್ರದಿಂದ ಎರಡು ಗಂಟೆಯ ದಾರಿ. ಅಲ್ಲಿ ಕೌಶಿಕ್ ಚಟರ್ಜಿಯವರ ತಂಡ, ಬಿಕ್ರಮ್‌ಜಿತ್ ಬಸು ಅವರ ತಂಡ ಮೂಳೆಗಾಗಿ ಇಂಥ ವಸ್ತುಗಳ ಮೇಲೆ ವರ್ಷಗಳಿಂದ ಕೆಲಸ ಮಾಡಿವೆ. 2019ರಲ್ಲಿ ಎಲ್. ಆರ್. ಜೈದೇವ್ ಮತ್ತು ಚಟರ್ಜಿ ಪ್ರಕಟಿಸಿದ ಒಂದು ಅಧ್ಯಯನ ನಮ್ಮ ಕಥೆಗೆ ತೀರ ಹತ್ತಿರದ್ದು. ಅದೇ ಮೊಸರುಹುಳಿಯ ಪಾಲಿಮರಿನಿಂದ ಯಂತ್ರದಲ್ಲಿ ಚಪ್ಪರ ಒತ್ತಿ, ಅದರ ಮೇಲ್ಮೈಯನ್ನು ರಾಸಾಯನಿಕವಾಗಿ ಬದಲಾಯಿಸಿ, ಕ್ಯಾಲ್ಸಿಯಂ ಫಾಸ್ಫೇಟ್ ಕೂರುವ ಹಾಗೆ ಮಾಡಿ, ಮನುಷ್ಯರ ಕಾಂಡಕೋಶಗಳು ಅದಕ್ಕೆ ಹೇಗೆ ಒಗ್ಗುತ್ತವೆಂದು ಪರೀಕ್ಷಿಸಿದರು. ಬದಲಾಯಿಸಿದ ಮೇಲ್ಮೈಯೇ ಮೇಲೆಂದು ತೋರಿತು. ಕಾಂಡಕೋಶವೆಂದರೆ ಇನ್ನೂ ಏನಾಗಬೇಕೆಂದು ನಿರ್ಧರಿಸದ ಕೋಶ. ನೆಲ ಒರಟೋ ನುಣುಪೋ ಎಂಬುದನ್ನು ಮುಟ್ಟಿ ನೋಡಿಯೂ ಅದು ಮೂಳೆಯಾಗುವ ನಿರ್ಧಾರ ಮಾಡುತ್ತದಂತೆ. ಎಳೆಯ ಮಕ್ಕಳ ಹಾಗೆ.

ಹಾಗಾದರೆ ನಾಳೆಯಿಂದ ಯಾರ ಸೊಂಟದ ಮೂಳೆಯನ್ನೂ ಕೀಳಬೇಕಾಗಿಲ್ಲವೆ ಎಂದು ನಾನು ಹುಡುಗಿಯನ್ನು ಕೇಳಿದೆ. ಅವಳು ತಲೆಯಾಡಿಸಿದಳು. ‘ಗಾಜಿನ ತಟ್ಟೇಲಿ ಬೆಳೆಯೋದು ಬೇರೆ, ಇಲಿ ಮೊಲದಲ್ಲಿ ಬೆಳೆಯೋದು ಬೇರೆ, ಅಜ್ಜಿಯ ಕಾಲಲ್ಲಿ ಮೈಭಾರ ಹೊತ್ಕೊಂಡು ಬೆಳೆಯೋದೇ ಬೇರೆ ಅತ್ತೆ.’ ಕರಗುವ ಪಾಲಿಮರಿನ ಚಪ್ಪರಗಳನ್ನು ತಲೆಬುರುಡೆಯ ತೂತು ಮು‌ಚ್ಚಲು ಸಿಂಗಪುರದಂಥ ಕಡೆ ಮನುಷ್ಯರಲ್ಲೇ ಬಳಸಿದ್ದಾರೆ. ಆದರೆ ಭಾರ ಹೊರುವ ಕಾಲಿನ ಮೂಳೆಗೆ ಅವಿನ್ನೂ ದಿನನಿತ್ಯದ ಚಿಕಿತ್ಸೆಯಾಗಿಲ್ಲ. ಚಪ್ಪರ ಬೇಗ ಕರಗಿದರೆ ಬಳ್ಳಿ ಬೀಳುತ್ತದೆ, ತಡವಾದರೆ ಬಳ್ಳಿಗೆ ಜಾಗವಿರುವುದಿಲ್ಲ. ಒಮ್ಮೆಗೇ ಹೆಚ್ಚು ಕರಗಿದರೆ ಆ ಹುಳಿಯೇ ಸುತ್ತಲಿನ ಮಾಂಸಕ್ಕೆ ಒಗ್ಗುವುದಿಲ್ಲ. ಹದ ಸಿಗಬೇಕು. ಹದವೆಂದರೆ ಏನೆಂದು ಹಿಟ್ಟು ರುಬ್ಬಿದ ಕೈಗಳಿಗೆ ಬೇರೆ ಯಾರೂ ಹೇಳಬೇಕಾಗಿಲ್ಲ.

ನನ್ನ ಪಾಲಿಗೆ ಈ ಚರಿತ್ರೆಯಲ್ಲಿ ಒಂದು ಪಾಠವಿದೆ. ಮನುಷ್ಯ ಮೊದಲು ಮೂಳೆಯನ್ನು ಕಟ್ಟಿಹಾಕಿ ಕಾದ. ಆಮೇಲೆ ಒಂದು ಕಡೆ ಕಿತ್ತು ಇನ್ನೊಂದು ಕಡೆ ತುಂಬಿದ. ಈಗ ಹಿಡಿದುಕೊಳ್ಳಲು ಒಂದು ಆಸರೆ ಕೊಟ್ಟು, ನೀನೇ ಬೆಳೆ ಎಂದು ಕರೆಯುವುದನ್ನು ಕಲಿಯುತ್ತಿದ್ದಾನೆ. ಕೀಳುವ ಕಾಲದಲ್ಲಿ, ಕಿತ್ತ ಜಾಗಕ್ಕೆ ಏನಾಯಿತೆಂದು ಕೇಳುವವರು ಕಡಿಮೆ. ಅದರಲ್ಲೂ ಅದು ಹೆಂಗಸಿನ ಸೊಂಟವಾದರೆ ಕೇಳುವವರು ಇನ್ನೂ ಕಡಿಮೆ. ನಿಮ್ಮ ಮನೆಯಲ್ಲಿ ಯಾರಿಗಾದರೂ ಇಂಥ ಆಪರೇಷನ್ ಆಗಬೇಕಾಗಿ ಬಂದರೆ, ಮೂಳೆ ಎಲ್ಲಿಂದ ತೆಗೆಯುತ್ತೀರಿ, ಬೇರೆ ದಾರಿ ಇದೆಯೇ, ಇಲ್ಲದಿದ್ದರೆ ಯಾವ ಕಡೆಯಿಂದ ಎಂದು ಡಾಕ್ಟರನ್ನು ಕೇಳಿ. ಕೇಳಿದರೆ ಅವರು ಬೇಸರಪಡುವುದಿಲ್ಲ. ನಮ್ಮ ಮನೆಯಲ್ಲಿ ಕೇಳಬೇಕೆಂದು ಯಾರಿಗೂ ಗೊತ್ತಿರಲಿಲ್ಲ.

ರಜ ಮುಗಿದು ಹುಡುಗಿ ಬೆಂಗಳೂರಿಗೆ ಹೋದಳು. ಎರಡು ದಿನ ಬಿಟ್ಟು ರಾತ್ರಿ ಒಂಬತ್ತರ ಹೊತ್ತಿಗೆ ತಮ್ಮನ ಫೋನು ಬಂತು. ಅವನು ಸಾಮಾನ್ಯವಾಗಿ ಭಾನುವಾರ ಮಾತ್ರ ಮಾಡುವವನು. ಊಟ ಆಯಿತೇ ಎಂದು ಕೇಳಿದ, ಮಳೆ ಬಂತೇ ಎಂದು ಕೇಳಿದ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಕ್ಕ, ಯಾವ ಕಡೆ ಸೊಂಟ ಅದು?’ ಎಂದ.

‘ಎಡಗಡೆ’ ಎಂದೆ.

ಐವತ್ತು ದಾಟಿದ ಗಂಡಸು, ಫೋನಿನ ಆ ಕಡೆ ಏನು ಮಾಡುತ್ತಿದ್ದನೋ, ಉಸಿರು ಮಾತ್ರ ಕೇಳಿಸುತ್ತಿತ್ತು. ಆಮೇಲೆ ಗಂಟಲು ಸರಿಮಾಡಿಕೊಂಡು, ‘ಆ ಪೈಪಿನ ಹಗ್ಗ ಹಳೇದಾಗಿರಬೇಕು. ಬರೋ ಭಾನುವಾರ ನಾನೇ ಬಂದು ಹೊಸದು ಸುತ್ತುತೀನಿ. ನೀನು ಏಣಿ ಹತ್ತಬೇಡ’ ಎಂದ.